ಬ್ಲ್ಯಾಂಕ್ ಇಲ್ಲದೆ ರನ್ ಹಾಕ್ಬೇಡಿ

ಮೊನ್ನೆ ಮೀಟಿಂಗಲ್ಲಿ ಮತ್ತೆ ಅದೇ ಮಾತು, ಫ್ಲೋ ಸೆಲ್ ರೇಟ್ ಜಾಸ್ತಿಯಾಗಿದೆ, ಬ್ಲ್ಯಾಂಕ್‌ಗೆ ಒಂದು ಇಂಡೆಕ್ಸ್ ಯಾಕೆ ದಂಡ ಮಾಡ್ತೀರಾ ಅಂತ. ಬ್ಲ್ಯಾಂಕ್ ಅಂದ್ರೆ ರೋಗಿಯ ಸ್ಯಾಂಪಲ್ ಬದಲು ಬರೀ ನೀರು ಹಾಕಿ ಅದೇ ಹಂತಗಳನ್ನ ದಾಟಿಸೋ ಟ್ಯೂಬು, ಫ್ಲೋ ಸೆಲ್ ಅಂದ್ರೆ ಸೀಕ್ವೆನ್ಸಿಂಗ್ ಮಷಿನ್ ಡಿಎನ್ಎ ಓದೋ ಚಿಪ್ಪು, ಇಂಡೆಕ್ಸ್ ಅಂದ್ರೆ ಯಾವ ಸ್ಯಾಂಪಲ್ ಯಾವುದು ಅಂತ ಗುರುತಿಸೋ ಟ್ಯಾಗು. ಕೇಳಿ ಮೈ ಉರೀತು, ಅದಕ್ಕೇ ಬರೀತಿದೀನಿ.

ಮಲೆನಾಡಿನ ತಾಲ್ಲೂಕು ಆಸ್ಪತ್ರೆಯಿಂದ ಜ್ವರದ ಸ್ಯಾಂಪಲ್ ಬಂದಿದ್ವು. ಡೆಂಗ್ಯೂ ನೆಗೆಟಿವ್, ಕೆಎಫ್‌ಡಿ (ಮಂಗನ ಕಾಯಿಲೆ) ನೆಗೆಟಿವ್, ಇಲಿಜ್ವರ ನೆಗೆಟಿವ್, ಸ್ಕ್ರಬ್ ಟೈಫಸ್ಸೂ ಇಲ್ಲ. ಪಿಸಿಆರ್ ಗೋಳು ಇದೇ, ಯಾವುದಕ್ಕೆ ಪ್ರೈಮರ್, ಅಂದ್ರೆ ಅದಕ್ಕೇ ಅಂಟೋ ಸಣ್ಣ ಡಿಎನ್ಎ ತುಂಡು, ಹಾಕ್ತೀವೋ ಅದನ್ನ ಮಾತ್ರ ಹುಡುಕುತ್ತೆ. ಮೆಟಜೀನೋಮಿಕ್ಸ್‌ಗೆ ಆ ಹಂಗಿಲ್ಲ, ಟ್ಯೂಬಲ್ಲಿ ಏನಿದ್ರೂ ಓದುತ್ತೆ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋವಾಗ ಇಲಿಮರಿಗಳಿಗೆ ಚುಚ್ಚಿ ವೈರಸ್ ಬೆಳೆಸಿ ಹಿಡೀಬೇಕಿತ್ತು. 2020ರ ಜನವರಿ ಎರಡನೇ ವಾರದ ಹೊತ್ತಿಗೆ ವುಹಾನ್‌ನ ಒಬ್ಬ ಕೋವಿಡ್ ರೋಗಿಯ ಶ್ವಾಸಕೋಶ ತೊಳೆದ ದ್ರವದಿಂದ ನೇರ ಓದಿದ ಸುಮಾರು 30 ಸಾವಿರ ಅಕ್ಷರದ ಜೀನೋಮ್ ಜಗತ್ತಿನ ಕೈಲಿತ್ತು, ಟೆಸ್ಟು ಲಸಿಕೆ ಎಲ್ಲಾ ಅದನ್ನ ನೋಡ್ಕೊಂಡೇ ಶುರುವಾಗಿದ್ದು. ಈ ಕೆಲಸಕ್ಕೆ ನಾನು ಬಂದಿದ್ದೇ ಅದಕ್ಕೆ.

ನಮ್ಮ ರನ್ನಲ್ಲಿ ಡಿ ನೋವೋ, ಅಂದ್ರೆ ಓದಿದ ಚೂರುಗಳನ್ನ (ರೀಡ್ಸ್) ಜೋಡಿಸೋದು, ಮುಗಿದು ಬ್ಲಾಸ್ಟಲ್ಲಿ ಗೊತ್ತಿರೋ ಸೀಕ್ವೆನ್ಸ್ ಜೊತೆ ಹೋಲಿಸಿದ್ರೆ ಒಂದು ಕಾಂಟಿಗ್ (ಜೋಡಿಸಿ ಬಂದ ಉದ್ದ ತುಂಡು), ಪಾರ್ವೊ ಅನ್ನೋ ವೈರಸ್ ಗುಂಪಿಗೆ ದೂರದ ಸಂಬಂಧ, ಅಷ್ಟೂ ಸ್ಯಾಂಪಲಲ್ಲಿ ಒಂದೇ ತರ. ಎಲ್ಲಾ ರೋಗಿಗಳಲ್ಲೂ ಇದೆ ಅಂದ್ಮೇಲೆ ಜ್ವರಕ್ಕೆ ಇದೇ ಕಾರಣ ಅಂತ ನಾನೂ ಅಂದ್ಕೊಂಡೆ, ರೀಡ್ಸ್ ಎಲ್ಲೆಲ್ಲಿ ಕೂತಿವೆ ಅಂತ ತೋರಿಸೋ ಕವರೇಜ್ ಪ್ಲಾಟ್ ಅಷ್ಟು ಚೆನ್ನಾಗಿತ್ತು. ಬಾಸ್ ಆಗ್ಲೇ ಪೇಪರ್ ಮಾತಾಡ್ತಿದ್ರು. ಆಗ ನಮ್ಮ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಹುಡುಗಿ ಮೆಲ್ಲಗೆ "ಮೇಡಂ, ಬ್ಲ್ಯಾಂಕ್ ಪೂಲ್‌ಗೆ ಹಾಕಿಲ್ವಲ್ಲ?" ಅಂದ್ಲು. ಪೂಲ್ ಅಂದ್ರೆ ಎಲ್ಲಾ ಸ್ಯಾಂಪಲ್ ಸೇರಿಸಿ ಮಷಿನ್ನಿಗೆ ಹಾಕೋ ಮಿಶ್ರಣ. ಡಿಎನ್ಎ ಎಷ್ಟಿದೆ ಅಂತ ಅಳೆಯೋ ಕ್ಯೂಬಿಟ್‌ನಲ್ಲಿ ಟೂ ಲೋ ತೋರಿಸ್ತು ಅಂತ ಅದನ್ನ ಬಿಟ್ಟಿದ್ರು. ಕಡಿಮೆ ತೋರಿಸಿದ್ರೂ ಬ್ಲ್ಯಾಂಕ್‌ನ ಬಿಡೋ ಹಾಗಿಲ್ಲ, ಅದನ್ನ ಇಡೋದೇ ಅದರಲ್ಲಿ ಏನಿದೆ ಅಂತ ನೋಡೋಕೆ.

ಆಗಲೇ ನೆನಪಾಗಿದ್ದು, 2013ರಲ್ಲಿ ಚೀನಾದ ಚೋಂಗ್‌ಚಿಂಗ್‌ನ ಹೆಪಟೈಟಿಸ್ ರೋಗಿಗಳಲ್ಲಿ ಪಾರ್ವೊ ತರದ ಹೊಸ ವೈರಸ್ ಸಿಕ್ತು ಅಂತ ಪೇಪರ್ ಬಂದಿತ್ತು, ಅದೇ ವರ್ಷ ಕ್ಯಾಲಿಫೋರ್ನಿಯಾದ ತಂಡ ಬೆನ್ನಟ್ಟಿ ನೋಡಿದ್ರೆ ಅದು ರೋಗಿಗಳದ್ದಲ್ಲ, ಸ್ಯಾಂಪಲಿಂದ ಡಿಎನ್ಎ ತೆಗೆಯೋ ಎಕ್ಸ್‌ಟ್ರಾಕ್ಷನ್ ಕಾಲಮ್‌ನ ಸಿಲಿಕಾದಲ್ಲಿದ್ದಿದ್ದು, ಸಿಲಿಕಾಗೆ ಬಳಸೋ ಡಯಾಟಮ್ ಪಾಚಿಯಿಂದ ಬಂದಿರಬೇಕು ಅಂತ ಅವರ ಅನುಮಾನ.

ಆ ಕಾಂಟಿಗ್‌ಗೇ ಪಿಸಿಆರ್ ಮಾಡೋಕೆ ಪ್ರೈಮರ್ ಆರ್ಡರ್ ಮಾಡಿದ್ವಿ. ನ್ಯೂಕ್ಲಿಯೇಸ್ ಫ್ರೀ ನೀರನ್ನ ನಾವು ಬಳಸಿದ್ದ ಅದೇ ಲಾಟ್ (ಒಟ್ಟಿಗೆ ತಯಾರಾದ ಬ್ಯಾಚ್) ಕಾಲಮಲ್ಲಿ ಹಾಯಿಸಿ ಒಂದು, ಹಾಯಿಸದೆ ಒಂದು, ಬೇರೆ ಲಾಟಲ್ಲಿ ಹಾಯಿಸಿ ಇನ್ನೊಂದು, ಪಕ್ಕದಲ್ಲಿ ರೋಗಿಗಳದ್ದು. ಆ ಸೀಕ್ವೆನ್ಸ್ ಇದ್ರೆ ಗೆರೆ ಮೇಲೇಳುತ್ತೆ, ಇಲ್ಲದಿದ್ರೆ ಇಲ್ಲ. ಮಷಿನ್ ಮುಂದೆ ಯಾರೂ ಮಾತಾಡ್ಲಿಲ್ಲ. ರೋಗಿಗಳ ಕರ್ವ್ ಮೇಲೆದ್ದಾಗ ಬಾಸ್ ಮುಖ ಅರಳ್ತು, ಒಂದೆರಡು ಸೈಕಲ್ ಬಿಟ್ಟು ಕಾಲಮ್ ಹಾಯಿಸಿದ ನೀರಿನ ಗೆರೆಯೂ ಅದೇ ದಾರೀಲಿ ಏಳೋಕೆ ಶುರು. ಮಿಕ್ಕೆರಡು ನೀರು ಕೊನೇವರೆಗೂ ಫ್ಲಾಟ್. ನನ್ನ ಹೊಟ್ಟೇಲಿ ಏನೋ ಕುಸಿದಂಗಾಯ್ತು. ಬಾಸ್ ಪ್ಲೇಟ್ ಲೇಔಟ್ ಇನ್ನೊಂದ್ಸಲ ನೋಡಿ ಅಂದ್ರು, ನೋಡಿದ್ವಿ, ಸರಿಯಾಗೇ ಇತ್ತು. ಅಂದ್ರೆ ಅದು ಆ ಲಾಟ್ ಕಾಲಮಿಂದಲೇ ಬಂದಿದ್ದು.

ಅಷ್ಟೂ ಸ್ಯಾಂಪಲಲ್ಲಿ ಒಂದೇ ಸೀಕ್ವೆನ್ಸ್ ಕಂಡ್ರೆ ಖುಷಿ ಪಡೋದಲ್ಲ, ಮೊದ್ಲು ಕಿಟ್ ಮೇಲೆ ಅನುಮಾನ ಪಡಬೇಕು. ಬೇರೆ ಬೇರೆ ಊರಿನ ಜನರ ವೈರಸ್ಸಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗಿರುತ್ತೆ, ನಮ್ಮದರಲ್ಲಿ ಒಂದೂ ಬದಲಾಗಿರ್ಲಿಲ್ಲ. ಕಾಲಮ್ ಲಾಟ್ ನಂಬರ್ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದು ಆ ಹುಡುಗಿ ಒಬ್ಳೇ, ಇಲ್ಲದಿದ್ರೆ ಇದು ಪತ್ತೆಯೇ ಆಗ್ತಿರ್ಲಿಲ್ಲ. ಸಾಫ್ಟ್‌ವೇರಲ್ಲಿ ಲಾಟ್ ನಂಬರ್‌ಗೆ ಒಂದು ಜಾಗ ಸೇರಿಸಿ ಅಂತ ಇವತ್ತಿಗೂ ಕೇಳ್ತಾನೇ ಇದೀನಿ.

ಆ ಕಾಂಟಿಗ್ ಕಳೆದು ಮಿಕ್ಕ ರೀಡ್ಸ್ ಮತ್ತೆ ನೋಡಿದಾಗ ಡೆಂಗ್ಯೂ ನೆಗೆಟಿವ್ ಅಂತ ಬಂದಿದ್ರೂ ಒಬ್ಬರ ಸ್ಯಾಂಪಲಲ್ಲಿ ಡೆಂಗ್ಯೂ ವೈರಸ್ಸಿನ ಎರಡನೇ ಟೈಪಿನ ರೀಡ್ಸ್ ಜೀನೋಮ್ ಉದ್ದಕ್ಕೂ ಹರಡಿದ್ವು, ಮೊದಲಿಂದ ಅಲ್ಲೇ ಇದ್ವು, ನಾವು ಹೊಸ ವೈರಸ್ ಸಂಭ್ರಮದಲ್ಲಿ ಕೆಳಗೆ ಸ್ಕ್ರೋಲೇ ಮಾಡಿರ್ಲಿಲ್ಲ. ಆಸ್ಪತ್ರೆ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ ಹೇಳಿದ್ವಿ. ಉಳಿದವರ ಜ್ವರಕ್ಕೆ ಇನ್ನೂ ಕಾರಣ ಸಿಕ್ಕಿಲ್ಲ, ಬೇರೆ ಲಾಟ್ ಕಾಲಮಲ್ಲಿ ಬ್ಲ್ಯಾಂಕ್ ಸಮೇತ ಮುಂದಿನ ರನ್‌ಗೆ ಹಾಕ್ತಿದೀವಿ.