ಓಕೆ ಜಾಝ್: ಯಾರ ದುಡ್ಡು, ಯಾರ ಹಾಡು

ಅಕ್ಟೋಬರ್ 12, 2025, ಭಾನುವಾರ

ಫ್ರಾಂಕೊ ತೀರಿಕೊಂಡು ಇಂದಿಗೆ 36 ವರ್ಷ. 1989ರಲ್ಲಿ ಬೆಲ್ಜಿಯಂನ ಆಸ್ಪತ್ರೆಯೊಂದರಲ್ಲಿ ಅವನು ಕಣ್ಣು ಮುಚ್ಚಿದಾಗ ವಯಸ್ಸು 51. ಆಗ ಜೈರ್ ಎನಿಸಿಕೊಂಡಿದ್ದ ಕಾಂಗೋ ನಾಲ್ಕು ದಿನ ರಾಷ್ಟ್ರೀಯ ಶೋಕ ಆಚರಿಸಿತು. ಗಿಟಾರ್ ವಾದಕನೊಬ್ಬನಿಗೆ ನಾಲ್ಕು ದಿನ! ಬೆಳಗಿನಿಂದ ಅವನ ತಂಡ ಓಕೆ ಜಾಝ್‌ನ ಹಾಡುಗಳನ್ನೇ ಹಾಕಿಕೊಂಡು ಕುಳಿತಿದ್ದೇನೆ. ಅಮ್ಮ ಬಾಗಿಲಲ್ಲಿ ನಿಂತು, "ಆಗಿನಿಂದ ಅದೇ ಹಾಡಲ್ಲವೇನೋ, ಇನ್ನೂ ಮುಗಿದಿಲ್ಲವೇ?" ಎಂದು ಕೇಳಿ ಹೋದರು. ಮುಗಿದಿರಲಿಲ್ಲ.

ಈ ಹಾಡುಗಳ ಕಟ್ಟೇ ಹಾಗೆ. ಮೊದಲ ಭಾಗ ನಿಧಾನಗತಿಯ ಕಥೆ. ಗಂಡ ಕೈಬಿಟ್ಟವಳ ದೂರು, ಸವತಿಯರ ಜಗಳ, ಕೈಕೊಟ್ಟ ಗೆಳೆಯನಿಗೆ ಬೈಗುಳ, ಎಲ್ಲವೂ ಲಿಂಗಾಲ ಭಾಷೆಯಲ್ಲಿ. ಹೆಣ್ಣಿನ ಮಾತನ್ನೂ ಗಂಡಸರೇ ಹಾಡುತ್ತಾರೆ, ಸಾಲಾಗಿ ನಿಂತು, ಒಬ್ಬರ ದನಿಗೆ ಇನ್ನೊಬ್ಬರು ದನಿಗೂಡಿಸುತ್ತಾ. ಆಮೇಲೆ ಎಲ್ಲೋ ಒಂದೆಡೆ ಕಥೆ ನಿಂತು ಗಿಟಾರ್‌ಗಳು ಮುನ್ನುಗ್ಗುತ್ತವೆ. ಇದು ಸೆಬೆನ್, ಕುಣಿಯುವವರು ಕಾದು ಕುಳಿತಿರುವ ಭಾಗ. ಫ್ರಾಂಕೊ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತಾ ಒಂದು ಪುಟ್ಟ ಸಂಗತಿಯನ್ನು ಹಿಡಿದನೆಂದರೆ ಸುಲಭಕ್ಕೆ ಬಿಡುವವನಲ್ಲ. ಅದನ್ನೇ ತಿರುವಿ, ಒಂದೆಳೆ ಬದಲಿಸಿ, ಮತ್ತೆ ಅಲ್ಲಿಗೇ ಬರುತ್ತಾನೆ. ಹಿಂದೆ ಚಿಕ್ಕ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರು ನಾಲ್ಕು ನಿಮಿಷಕ್ಕಷ್ಟೇ ಜಾಗ. ಹಾಗಾಗಿ ಎಷ್ಟೋ ಹಾಡುಗಳ ಕಥೆ ಒಂದು ಬದಿಯಲ್ಲಿದ್ದರೆ ಸೆಬೆನ್ ಇನ್ನೊಂದು ಬದಿಯಲ್ಲಿರುತ್ತಿತ್ತು. ಎಲ್‌ಪಿ ಎಂಬ ದೊಡ್ಡ ತಟ್ಟೆಗಳ ಕಾಲ ಬಂದಮೇಲೆ ಕಡಿವಾಣವೇ ಇಲ್ಲವಾಯಿತು.

ತಂಡದ ಚರಿತ್ರೆ ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಗವೂ ಅಲ್ಲ, ಲಯವೂ ಅಲ್ಲ. ದುಡ್ಡು. ಯಾರ ಹಣದಲ್ಲಿ ಇವರು ನುಡಿಸಿದರು, ಅದಕ್ಕಾಗಿ ಏನನ್ನು ಹಾಡಬೇಕಾಯಿತು ಎನ್ನುವುದು.

ಫ್ರಾಂಕೊನ ಪೂರ್ಣ ಹೆಸರು ಫ್ರಾನ್ಸ್ವಾ ಲುವಾಂಬೊ ಮಕಿಯಾದಿ. ಹುಟ್ಟಿದ್ದು 1938ರಲ್ಲಿ, ಸೋನಾ ಬಾಟಾ ಎಂಬ ಊರಿನಲ್ಲಿ. ಬೆಳೆದದ್ದು ರಾಜಧಾನಿ ಲಿಯೊಪೋಲ್ಡ್‌ವಿಲ್‌ನಲ್ಲಿ, ಅಂದರೆ ಈಗಿನ ಕಿನ್ಶಾಸಾದಲ್ಲಿ. ರೈಲ್ವೆಯಲ್ಲಿದ್ದ ತಂದೆ ಬೇಗ ಹೋದ. ತಾಯಿ ಸಂತೆಯಲ್ಲಿ ಮಿಕಾಟೆ ಕರಿದು ಮಾರುತ್ತಿದ್ದಳು. ನಮ್ಮ ಗೋಳಿಬಜೆಯ ಹಾಗೆ ಎಣ್ಣೆಯಲ್ಲಿ ಉಬ್ಬುವ ಹಿಟ್ಟಿನ ಉಂಡೆ ಅದು, ಸ್ವಲ್ಪ ಸಿಹಿ. ಹುಡುಗ ಡಬ್ಬಿಗೆ ತಂತಿ ಬಿಗಿದು ತಾನೇ ಮಾಡಿಕೊಂಡ ಗಿಟಾರನ್ನು ಅಂಗಡಿಯ ಮುಂದೆ ನುಡಿಸಿ ಗಿರಾಕಿಗಳನ್ನು ಸೆಳೆಯುತ್ತಿದ್ದ. ಅವನ ಮೊದಲ ಪೋಷಕಿ ತಾಯಿಯೇ ಎನ್ನಬೇಕು. ಸಂಬಳವೂ ಮಿಕಾಟೆಯ ರೂಪದಲ್ಲೇ ಸಿಗುತ್ತಿತ್ತೇನೋ.

ಆ ನಗರದ ರೆಕಾರ್ಡಿಂಗ್ ಸ್ಟುಡಿಯೊಗಳು ಗ್ರೀಕ್ ವ್ಯಾಪಾರಿಗಳ ಕೈಯಲ್ಲಿದ್ದವು: ಎನ್‌ಗೋಮಾ, ಓಪಿಕಾ, ಲೊನಿಂಗಿಸಾ. ಇತ್ತ ಮನೆಮನೆಯ ಗ್ರಾಮಫೋನ್‌ಗಳಲ್ಲಿ ಕ್ಯೂಬಾದ ಸಂಗೀತ. ನಮ್ಮಲ್ಲೂ ನಾಯಿ ಚಿತ್ರದ ತಟ್ಟೆಗಳನ್ನು ಮಾರುತ್ತಿದ್ದ ಎಚ್‌ಎಂವಿ ಕಂಪನಿ 1930ರ ದಶಕದಿಂದಲೇ ಜಿವಿ ಸರಣಿಯ ಹೆಸರಿನಲ್ಲಿ ಹವಾನಾದ ಹಾಡುಗಳನ್ನು ಆಫ್ರಿಕಕ್ಕೆ ಕಳಿಸುತ್ತಿತ್ತು. ಗುಲಾಮರ ಹಡಗುಗಳಲ್ಲಿ ಸಾಗರ ದಾಟಿದ ಲಯ ವ್ಯಾಪಾರಿ ತಟ್ಟೆಯಲ್ಲಿ ತವರಿಗೆ ಮರಳಿತು. ಕಿನ್ಶಾಸಾದವರು ಅದನ್ನು ಬೇರೆಯವರದೆಂದು ಕಾಣಲೇ ಇಲ್ಲ. ಲೊನಿಂಗಿಸಾದಲ್ಲಿದ್ದ ಗಿಟಾರ್ ವಾದಕ ಆನ್ರಿ ಬೊವಾನೆ ಹುಡುಗನಿಗೆ ಫ್ರಾಂಕೊ ಎಂದು ಹೆಸರಿಟ್ಟ. 1953ರಲ್ಲಿ, ಹದಿನೈದರ ಹರೆಯದಲ್ಲಿ, ಅವನ ಮೊದಲ ತಟ್ಟೆ ಹೊರಬಂತು.

ಅದೇ ಸ್ಟುಡಿಯೊದ ಕೆಲವು ವಾದಕರು ಆಸ್ಕರ್ ಕಶಾಮಾ ಎಂಬುವನ ಬಾರ್‌ನಲ್ಲಿ ನುಡಿಸುತ್ತಿದ್ದರು. ಮಾಲೀಕನ ಹೆಸರಿನ ಮೊದಲಕ್ಷರಗಳಿಂದ ಅದು ಓಕೆ ಬಾರ್. 1956ರ ಜೂನ್ 6ರಂದು ಅಲ್ಲಿ ತಂಡವಾಗಿ ನಿಂತವರು ಬಾರ್‌ನ ಹೆಸರನ್ನೇ ಹೊತ್ತು ಓಕೆ ಜಾಝ್ ಆದರು. ಸ್ಯಾಕ್ಸೊಫೋನ್‌ಗೆ ಎಸ್ಸೂ, ಹಾಡಲು ರೊಸ್ಸಿಞೋಲ್, ತಾಳವಾದ್ಯಕ್ಕೆ ಪಾಂಡಿ ಮತ್ತು ದೆಸ್ವಾನ್. ಸ್ವಲ್ಪದರಲ್ಲೇ ಗಾಯಕ ವಿಕಿ ಲೊಂಗೊಂಬಾ ಸೇರಿಕೊಂಡ. ಫ್ರಾಂಕೊಗೆ ಆಗ ಹದಿನೆಂಟೂ ತುಂಬಿರಲಿಲ್ಲ. ಜಾಝ್ ಎಂಬ ಮಾತನ್ನು ನೋಡಿ ಯಾರೂ ಮೋಸಹೋಗಬಾರದು. ಅಲ್ಲಿ ಅದು ಫ್ಯಾಷನ್ನಿಗೆ ಇಟ್ಟುಕೊಳ್ಳುತ್ತಿದ್ದ ಹೆಸರು, ನುಡಿಸುತ್ತಿದ್ದುದು ರುಂಬಾ, ಕ್ಯೂಬಾದ ಲಯದಿಂದ ಬೆಳೆದ ಕುಣಿತದ ಸಂಗೀತ.

ಎದುರಾಳಿ ತಂಡ ಜೋಸೆಫ್ ಕಬಾಸೆಲೆಯ ಆಫ್ರಿಕನ್ ಜಾಝ್. ಅಲ್ಲಿ ಗಿಟಾರ್‌ಗೆ ಡಾಕ್ಟರ್ ನಿಕೊ ಇದ್ದ. ನಯ, ನಾಜೂಕು, ಇಸ್ತ್ರಿ ಹಾಕಿದಂಥ ಸಂಗೀತ. ಓಕೆ ಜಾಝ್‌ನದು ಒರಟು, ಹಳ್ಳಿಯ ವಾಸನೆಯದು. ನಾನು ಒರಟಿನ ಪಕ್ಷ. ಆದರೆ ಬೆಲ್ಜಿಯಂನಿಂದ ಸ್ವಾತಂತ್ರ್ಯ ಪಡೆಯುವ ಮಾತುಕತೆಗೆ 1960ರ ಆರಂಭದಲ್ಲಿ ನಾಯಕರೆಲ್ಲ ಬ್ರಸೆಲ್ಸ್‌ಗೆ ಹೋದಾಗ ಜೊತೆಗೆ ಹೋದದ್ದು ಕಬಾಸೆಲೆ. ಓಕೆ ಜಾಝ್‌ನಿಂದ ವಿಕಿ ಮತ್ತು ಬ್ರಾಝೋಸ್ ಅವನೊಂದಿಗೆ ಹೊರಟರು, ಫ್ರಾಂಕೊ ಊರಲ್ಲೇ ಉಳಿದ. "ಆಂದೆಪಾಂದಾನ್ಸ್ ಚಾ ಚಾ" ಎಂಬ ಸ್ವಾತಂತ್ರ್ಯದ ಹಾಡು ಹುಟ್ಟಿದ್ದು ಅಲ್ಲಿ. ಅಷ್ಟರಲ್ಲಾಗಲೇ ಎಸ್ಸೂ, ಪಾಂಡಿ ಮೊದಲಾದವರು ನದಿಯಾಚೆ ನೆರೆದೇಶದಲ್ಲಿರುವ ತಮ್ಮ ಊರು ಬ್ರಾಝವಿಲ್‌ಗೆ ಮರಳಿ 1959ರಲ್ಲಿ ಬಾಂಟೂಸ್ ತಂಡ ಕಟ್ಟಿಕೊಂಡಿದ್ದರು. ಓಕೆ ಜಾಝ್‌ನ ಬಾಗಿಲು ಹೀಗೆ ಕೊನೆಯವರೆಗೂ ತೆರೆದೇ ಇತ್ತು. ಸ್ಯಾಕ್ಸೊಫೋನ್‌ನ ವೆರ್ಕಿಸ್ ಬಂದ, ಹೋದ, ಸ್ವಂತ ತಂಡ ಕಟ್ಟಿದ. ಸ್ಯಾಮ್ ಮಂಗ್ವಾನಾ ಬಂದ, ಹೋದ. 1961ರಲ್ಲಿ ಸೇರಿದ ಸಿಮಾರೊ ಲುಟುಂಬಾ ಮಾತ್ರ ಹೋಗಲೇ ಇಲ್ಲ.

1966ರ ಜೂನ್‌ನಲ್ಲಿ ದೇಶದ ಸರ್ವಾಧಿಕಾರಿ ಮೊಬುಟು ಮಾಜಿ ಪ್ರಧಾನಿ ಎವರಿಸ್ತ್ ಕಿಂಬಾ ಸೇರಿದಂತೆ ನಾಲ್ವರನ್ನು ಕಿನ್ಶಾಸಾದಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದ. ಫ್ರಾಂಕೊ ಮಾಟಗಾರನೊಬ್ಬನ ಬಗ್ಗೆ ಹಾಡು ಬಿಟ್ಟ. ಯಾವ ಮಾಟಗಾರ ಎಂದು ಕೇಳುಗರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪೊಲೀಸರು ಕರೆಸಿ ವಿಚಾರಿಸಿದರು. ಅವನು ನದಿ ದಾಟಿ ಕೆಲಕಾಲ ಬ್ರಾಝವಿಲ್‌ನಲ್ಲಿದ್ದು ಬಂದ.

ಮುಂದಿನ ದಶಕದಲ್ಲಿ ಅದೇ ಮೊಬುಟು, ಅದೇ ಫ್ರಾಂಕೊ, ಸಂಬಂಧ ಬೇರೆ. ದೇಶಕ್ಕೆ ಜೈರ್ ಎಂಬ ಹೆಸರು ಬಂತು, ಕ್ರೈಸ್ತ ಹೆಸರುಗಳನ್ನು ಬಿಡಬೇಕೆಂಬ ಅಪ್ಪಣೆಯಾಯಿತು. ಆ ಸಾಂಸ್ಕೃತಿಕ ಪ್ರಚಾರಕ್ಕೆ ಓಕೆ ಜಾಝ್ ದನಿಯಾಯಿತು. ವಿದೇಶಿಯರ ಉದ್ಯಮಗಳನ್ನು ಕಿತ್ತು ದೇಶದವರಿಗೆ ಹಂಚಿದಾಗ ತಟ್ಟೆ ಅಚ್ಚು ಹಾಕುವ ಮಜಾದಿಸ್ ಕಾರ್ಖಾನೆ ಫ್ರಾಂಕೊನ ಪಾಲಿಗೆ ಬಂತು. ಗ್ರೀಕರ ಕೂಲಿಯಾಗಿದ್ದವನು ಈಗ ಧಣಿ. ಮತಾಂಗೆ ಬಡಾವಣೆಯಲ್ಲಿ ಸ್ವಂತ ಕುಣಿತದ ಕ್ಲಬ್, ಅದಕ್ಕೆ "ಒಂದು-ಎರಡು-ಮೂರು" ಎಂಬ ಫ್ರೆಂಚ್ ಹೆಸರು. ಮುಹಮ್ಮದ್ ಅಲಿ ಮತ್ತು ಫೋರ್‌ಮನ್ ಬಾಕ್ಸಿಂಗ್ ಕಾಳಗದ ನೆಪದಲ್ಲಿ 1974ರಲ್ಲಿ ನಡೆದ ಉತ್ಸವದಲ್ಲಿ ಜೇಮ್ಸ್ ಬ್ರೌನ್, ಬಿ.ಬಿ. ಕಿಂಗ್ ಹಾಡಿದ ವೇದಿಕೆಯಲ್ಲೇ ಇವರೂ ನುಡಿಸಿದರು. ತಂಡದ ಹೆಸರಿನ ಮುಂದೆ ಟಿಪಿ, "ಸರ್ವಶಕ್ತ", ಎಂಬ ಬಿರುದೂ ಸೇರಿತ್ತು.

ಧಣಿಯಾದರೇನು? 1978ರಲ್ಲಿ ಎರಡು ಅಶ್ಲೀಲ ಹಾಡುಗಳಿಗಾಗಿ ಅವನನ್ನು ಜೈಲಿಗೆ ಹಾಕಿದರು. ಅವುಗಳಲ್ಲಿ ಹೊಲಸೇನೂ ಇಲ್ಲ ಎಂದು ಅವನು ವಾದಿಸಿದ್ದಕ್ಕೆ ಅವನ ತಾಯಿಯನ್ನೇ ಕರೆಸಿ ಹಾಡು ಕೇಳಿಸಿದರಂತೆ. ಅವಳು ತಲೆ ತಗ್ಗಿಸಿದಳಂತೆ. ಕಥೆ ಸ್ವಲ್ಪ ಅಚ್ಚುಕಟ್ಟಾಗಿಯೇ ಇದೆ, ಆದರೂ ಅಲ್ಲಗಳೆಯಲು ಮನಸ್ಸಾಗುವುದಿಲ್ಲ. ಸರ್ಕಾರ ಹಿಂದೆ ಕೊಟ್ಟಿದ್ದ ಗೌರವ ಪದವಿಯನ್ನೂ ಕಿತ್ತುಕೊಂಡರು. ಎರಡು ವರ್ಷ ಕಳೆಯುವುದರೊಳಗೆ ಅದೇ ಸರ್ಕಾರ ಅವನನ್ನು ಸಂಗೀತದ "ಮಹಾಗುರು" ಎಂದು ಕರೆಯಿತು. 1984ರಲ್ಲಿ ಮೊಬುಟು ಒಬ್ಬನೇ ಅಭ್ಯರ್ಥಿಯಾಗಿದ್ದ ಚುನಾವಣೆಗೆ ಅವನು ಪ್ರಚಾರಗೀತೆ ಹಾಡಿದ. ಎದುರಾಳಿಯೇ ಇಲ್ಲದ ಚುನಾವಣೆಗೆ ಪ್ರಚಾರ! ಇದನ್ನು ನಾನು ಕ್ಷಮಿಸಲಾರೆ. ಆ ಹಾಡಿನ ಗಿಟಾರ್ ಚೆನ್ನಾಗಿರುವುದು ಇನ್ನಷ್ಟು ಸಿಟ್ಟು ತರಿಸುತ್ತದೆ.

ಮರುವರ್ಷವೇ "ಮಾರಿಯೊ" ಬಂತು. ಓದಿ ಪದವಿ ಪಡೆದರೂ ದುಡಿಯದೆ ಹಣವಂತ ವಿಧವೆಯೊಬ್ಬಳ ಮನೆಯಲ್ಲಿ ಬಿದ್ದಿರುವ ಯುವಕನ ಕಥೆ. ಮಡಿಲು ಸಿಸ್ಟಂ ಎಂಬ ಗಾಯಕನ ಅಳುವಂಥ ದನಿ, ನಡುನಡುವೆ ಫ್ರಾಂಕೊನ ಗದರಿಕೆ. ಬೇರೆಯವರ ದುಡ್ಡಿನಲ್ಲಿ ಬದುಕುವುದರ ಬಗ್ಗೆ ಇವನಷ್ಟು ಚೆನ್ನಾಗಿ ಯಾರು ಹಾಡಬಲ್ಲರು? ಅಮ್ಮ ಮುಗಿಯಲಿಲ್ಲವೇ ಎಂದದ್ದು ಇದನ್ನೇ. 1987ರಲ್ಲಿ ಏಡ್ಸ್ ಬಗ್ಗೆ ಎಚ್ಚರಿಸುವ ದೀರ್ಘ ಹಾಡು ಬಂತು. ಆಗ ಆ ರೋಗದ ಹೆಸರೆತ್ತಲೂ ಜನ ಹಿಂಜರಿಯುತ್ತಿದ್ದರು.

ಫ್ರಾಂಕೊ ಹೋದಮೇಲೆ ಸಿಮಾರೊ ತಂಡವನ್ನು ನಡೆಸಿದ. ಫ್ರಾಂಕೊನ ಕುಟುಂಬಕ್ಕೂ ವಾದಕರಿಗೂ ಆದಾಯದ ಪಾಲಿನ ಬಗ್ಗೆ ತಕರಾರು ಬೆಳೆದು 1993ರ ಕೊನೆಗೆ ಎಲ್ಲವೂ ನಿಂತಿತು. ಅಷ್ಟು ಜನ ಹೊರಹೋದಾಗಲೂ ಮುರಿಯದ ತಂಡವನ್ನು ಪಾಲಿನ ಲೆಕ್ಕ ಮುರಿಯಿತು. ಮರುವರ್ಷ ಸಿಮಾರೊ ಮತ್ತು ಜೊತೆಗಾರರು ಬಾನಾ ಓಕೆ ಎಂಬ ಹೊಸ ತಂಡ ಕಟ್ಟಿದರು. ಕಾಂಗೋದ ರುಂಬಾ 2021ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ನೋಡಲು ಸಿಮಾರೊ ಇರಲಿಲ್ಲ, 2019ರಲ್ಲೇ ಹೋಗಿದ್ದ.

ಹೊಸದಾಗಿ ಕೇಳುವವರು "ಮಾರಿಯೊ"ದಿಂದ ಶುರುಮಾಡುವುದು ಬೇಡ. 1974ರ "ಮಬೆಲೆ" ಹಾಕಿಕೊಳ್ಳಿ. ಬರೆದದ್ದು ಸಿಮಾರೊ, ಹಾಡಿದ್ದು ಮಂಗ್ವಾನಾ, ವಸ್ತು ಮಣ್ಣು ಮತ್ತು ಸಾವು. ಅದರಲ್ಲಿ ಯಾವ ಧಣಿಯ ಹೊಗಳಿಕೆಯೂ ಇಲ್ಲ.