ಗ್ಯಾಸ್ ತುಂಬಿದರೆ ಮುಗೀತೇನ್ರಿ?

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ಗೋಕುಲ ರೋಡಿನ ಗ್ಯಾರೇಜುಗಳಲ್ಲಿ ಕಾರಿನ ಎಸಿ ಬಗ್ಗೆ ಒಂದೇ ಮಾತು: "ಗ್ಯಾಸ್ ಖಾಲಿ ಆಗೇತ್ರಿ, ತುಂಬಿ ಕೊಡ್ರಿ." ಗದಗ ಕಡೆಯಿಂದ ಬಂದ ಸಣ್ಣ ಕಾರಿನವರೂ ಅದನ್ನೇ ಹೇಳಿದರು. ಎಸಿ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಲ್ಲ. ಹೋದ ಬೇಸಿಗೆಯಲ್ಲಿ ತುಂಬಿದ್ದು ಈಗಿಲ್ಲವೆಂದರೆ ಎಲ್ಲೋ ಸೋರುತ್ತಿದೆ. ಗ್ರಿಲ್‌ನೊಳಗೆ ಟಾರ್ಚ್ ಹಿಡಿದರೆ ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರ್‌ನ ಕೆಳಮೂಲೆಯಲ್ಲಿ ಜಿಡ್ಡು, ಅದಕ್ಕೆ ಮೆತ್ತಿದ ಕೆಂಪು ಧೂಳು. ಗ್ಯಾಸಿನ ಜೊತೆ, ಅದನ್ನು ಒತ್ತಿ ತಳ್ಳುವ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ ಸೋರುವ ಜಾಗ ತಾನೇ ಗುರುತು ಕೊಡುತ್ತದೆ. ರೇಡಿಯೇಟರಿಗಿಂತ ಮುಂದಿರುವ ಕಂಡೆನ್ಸರ್‌ಗೆ ಲಾರಿ ಚಿಮ್ಮಿಸುವ ಖಡಿಯ ಮೊದಲ ಪೆಟ್ಟು.

ಉಳಿದ ಗ್ಯಾಸನ್ನು ರಿಕವರಿ ಮಷೀನಿಗೆ ಎಳೆದುಕೊಂಡು, ಕಂಡೆನ್ಸರ್ ಬದಲಿಸಲು ಬಂಪರ್ ಬಿಚ್ಚಿದ್ದಾಯಿತು. ಪೈಪಿನ ಫ್ಲ್ಯಾಂಜಿಗೆ 10ರ ಪಾನಾ ಕೂಡುವ ಒಂದೊಂದು ಬೋಲ್ಟು. ಅಲ್ಯೂಮಿನಿಯಮ್ಮಿನಲ್ಲಿ ಕೂತ ಉಕ್ಕಿನ ಬೋಲ್ಟು ಜಂಗು ಹಿಡಿದು ಜಾಮ್ ಆಗಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ತಾಸು ಬಿಡಬೇಕು. ಜೋರು ಮಾಡಿದರೆ ಬೋಲ್ಟಿನ ತಲೆ ಮುರಿಯುತ್ತದೆ, ಇಲ್ಲವೇ ಪೈಪೇ ತಿರುಚಿಕೊಂಡು ಖರ್ಚು ಇಮ್ಮಡಿ. ಬಿಚ್ಚಿದ ಪೈಪಿನ ಬಾಯಿ ಕೂಡಲೇ ಮುಚ್ಚಬೇಕು. ಕಂಡೆನ್ಸರ್ ಪಕ್ಕದ ಡ್ರೈಯರ್ ಗಾಳಿಯ ತೇವ ಹೀರುತ್ತದೆ, ಕಂಪ್ರೆಸರಿನ ಪಿಎಜಿ ಎಣ್ಣೆಯೂ ಅಷ್ಟೇ. ಹೊಸ ಕಂಡೆನ್ಸರಿನ ಮುಚ್ಚಳ ತೆಗೆಯುವುದು ಕೂಡಿಸುವ ಗಳಿಗೆಯಲ್ಲೇ.

ಹಳೆಯ ಕಂಡೆನ್ಸರಿನಲ್ಲಿ ಉಳಿದುಹೋದ ಎಣ್ಣೆಯ ಬದಲಿಗೆ ಸಾಮಾನ್ಯವಾಗಿ 20ರಿಂದ 30 ಮಿಲಿ ಸಾಕು. ಕಂಪನಿಯ ಕೈಪಿಡಿ ಹೇಳಿದ ಗ್ರೇಡೇ ಆಗಬೇಕು. ಜಾಯಿಂಟಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಎರಡೂ ಹೊಸವು, ಅದೇ ಎಣ್ಣೆ ಸವರಿ ಹಾಕಬೇಕು. ಅಳತೆ ಕೂತಿತೆಂದು ನಳದ ಕರಿ ವಾಷರ್ ತುರುಕುವವರಿದ್ದಾರೆ. ಎಸಿಯ ಎಣ್ಣೆ, ಗ್ಯಾಸು, ಶಾಖ ಅದಕ್ಕೆ ಒಗ್ಗುವುದಿಲ್ಲ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಸೋರಿಕೆ, ಬೈಗುಳ ಮಾತ್ರ ಕಂಡೆನ್ಸರಿಗೆ!

ಮೊದಲು ನೈಟ್ರೋಜನ್ 150 ಪಿಎಸ್‌ಐ ತುಂಬಿ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ನೋಡಿದ್ದು. ಆಮೇಲೆ ಪಂಪಿನಿಂದ ಒಳಗಿನದನ್ನೆಲ್ಲ ಎಳೆದು ಮುಕ್ಕಾಲು ತಾಸು ವ್ಯಾಕ್ಯೂಮ್. ಒಳಗಿನ ನೀರಿನ ಪಸೆ ಆ ಕಡಿಮೆ ಒತ್ತಡದಲ್ಲಿ ಕುದ್ದು ಆವಿಯಾಗಿ ಹೋಗಬೇಕು; ಉಳಿದರೆ ಗ್ಯಾಸಿನ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟಿ ಎಸಿ ನಡುನಡುವೆ ಕೈಕೊಡುತ್ತದೆ. ವ್ಯಾಕ್ಯೂಮ್ ಗೇಜು 29 ಇಂಚು (ಪಾದರಸದ ಲೆಕ್ಕ) ಮುಟ್ಟಲಿಲ್ಲವೆಂದು ಹೊಸ ಹುಡುಗರು ಪಂಪಿನ ಮೇಲೆ ಅನುಮಾನಪಡುತ್ತಾರೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಇಲ್ಲಿ ಮುಳ್ಳು 27-28ರ ನಡುವೆ ನಿಂತರೆ ಪಂಪು ಸರಿಯಾಗೇ ಇದೆ. ವಾಲ್ವ್ ಮುಚ್ಚಿ 20 ನಿಮಿಷ ಬಿಟ್ಟರೂ ಮುಳ್ಳು ಕದಲಬಾರದು.

ಗ್ಯಾಸನ್ನು ತೂಕ ಮಾಡಿಯೇ ಹಾಕಬೇಕು. ಬಾನೆಟ್ ಒಳಗಿನ ಸ್ಟಿಕರ್‌ನಲ್ಲಿ ಆರ್-134ಎ (ಗ್ಯಾಸಿನ ಹೆಸರು) 380 ಗ್ರಾಂ ಎಂದಿತ್ತು, ಅಷ್ಟೇ ಹೋಯಿತು. "ಇನ್ನೊಂದೀಟು ಹಾಕ್ರಿ, ಛಲೋ ತಂಪಾಗ್ತೈತಿ" ಅಂದರೆ ಕೇಳಬಾರದು. ಹೆಚ್ಚಾದರೆ ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಬದಿಯ, ಅಂದರೆ ಹೈ ಸೈಡಿನ, ಒತ್ತಡ ಏರಿ, ತಂಪು ಇನ್ನೂ ಕಡಿಮೆಯಾಗುತ್ತದೆ.

ಎಸಿ ಚಾಲು ಮಾಡಿದಾಗ ಈ ಕಾರಿನ ಹೈ ಸೈಡ್ 300 ಪಿಎಸ್‌ಐ ದಾಟಿದ್ದು ಮಾತ್ರ ಗ್ಯಾಸಿನಿಂದಲ್ಲ. ಕಂಡೆನ್ಸರಿಗೆ ಗಾಳಿ ಕೊಡುವ ಫ್ಯಾನ್ ಮೆಲ್ಲಗೆ ತಿರುಗುತ್ತಿತ್ತು. ಅದರ ಕನೆಕ್ಟರಿನ ಪಿನ್ನು ಸುಟ್ಟಿತ್ತು. ಅದನ್ನು ಸರಿಮಾಡಿದ ಮೇಲೆ 230ಕ್ಕೆ ಇಳಿಯಿತು. ಬಂಪರ್ ಕೂಡಿಸಿದ್ದು ಅದಾದ ಮೇಲೆಯೇ.