ಪೈಪ್ ಕೊಯ್ದು ನೋಡಿದ ಮೇಲೆ

ಎಸಿ ಸರ್ವಿಸ್ ಮತ್ತು ಪ್ಲಂಬಿಂಗ್ ಮಾಡುವ ಕಂಪನಿಯೊಂದರಲ್ಲಿ ಟೆಕ್ನಿಷಿಯನ್‌ಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಜವಾಬ್ದಾರಿ ನನ್ನದು. ನಾನು ಮೆಕ್ಯಾನಿಕ್ ಅಲ್ಲ. ಹಾಗಾಗಿ ಶುರುವಿನಲ್ಲಿ ನನಗೆ ಕೇಳೋಕೆ ಗೊತ್ತಿದ್ದದ್ದು ಎರಡೇ ವಿಷಯ. ಸರ್ಟಿಫಿಕೇಟ್ ಇದೆಯಾ? ಎಷ್ಟು ವರ್ಷದ ಅನುಭವ?

ಹೀಗೆ ಕೇಳಿ ತೆಗೆದುಕೊಂಡವರಲ್ಲಿ ಒಬ್ಬರಿಗೆ 12 ವರ್ಷದ ಅನುಭವ ಇತ್ತು. ಮರ್ಯಾದೆಯ ಮಾತು, ಚುರುಕಾದ ಕೈ. ಅವರು ಹಾಕಿದ ಬೆಸುಗೆ ನೋಡಿದರೆ ಎಲ್ಲರೂ ತಲೆದೂಗುತ್ತಿದ್ದರು. ಎರಡು ತಿಂಗಳಾದ ಮೇಲೆ, ಅವರು ಹೊಸದಾಗಿ ಪೈಪ್ ಎಳೆದಿದ್ದ ಒಂದು ಮನೆಯಿಂದ ಫೋನ್ ಬಂತು. ರೂಮ್ ತಣ್ಣಗಾಗುತ್ತಿಲ್ಲ. ಹೋದವರು ಗ್ಯಾಸ್ ತುಂಬಿಸಿ ಬಂದರು. ವಾರ ಕಳೆಯುವಷ್ಟರಲ್ಲಿ ಮತ್ತೆ ಫೋನ್. ಮೂರನೇ ಸಲ ನಮ್ಮ ಹಿರಿಯ ಮೆಕ್ಯಾನಿಕ್ ತಾವೇ ಹೋದರು. ಗ್ಯಾಸ್ ಹಾದುಹೋಗುವ ತೀರಾ ಸಣ್ಣ ಕೊಳವೆ, ಅಂದರೆ ಕ್ಯಾಪಿಲರಿ, ಕಟ್ಟಿಕೊಂಡಿತ್ತು. ಅವರು ಬೆಸುಗೆ ಇದ್ದ ಗೇಣುದ್ದದ ಪೈಪನ್ನು ಕತ್ತರಿಸಿ ತಂದು, ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿ, ನನ್ನ ಟೇಬಲ್ ಮೇಲಿಟ್ಟರು. "ಬೆರಳು ಹಾಕಿ ನೋಡಿ ಸರ್" ಅಂದರು.

ಹೊರಗೆ ಫಳಫಳ ಹೊಳೆಯುವ ತಾಮ್ರ. ಒಳಗೆ ಕಾಡಿಗೆಯಂಥ ಕಪ್ಪು. ಬೆರಳು ಸವರಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು.

ಏನಾಗಿತ್ತು ಅಂತ ಅವರೇ ಬಿಡಿಸಿ ಹೇಳಿದರು. ಬೆಸುಗೆ ಹಾಕುವಾಗ ತಾಮ್ರ ಸುಮಾರು 700 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಬಿಸಿಗೆ ಪೈಪಿನೊಳಗಿನ ಗಾಳಿಯಲ್ಲಿರುವ ಆಕ್ಸಿಜನ್ ತಾಮ್ರದ ಜೊತೆ ಸೇರಿ ಈ ಕಪ್ಪು ಪದರ ಆಗುತ್ತದೆ. ಇದು ಆಗಬಾರದು ಅಂದರೆ ಬೆಸುಗೆ ಹಾಕುವಷ್ಟು ಹೊತ್ತು ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು. ಈಗಿನ ಆರ್-410ಎ, ಆರ್-32 ಗ್ಯಾಸ್‌ಗಳ ಜೊತೆ ಕಂಪ್ರೆಸರ್‌ನಲ್ಲಿ ಬರುವ ಪಿಒಇ ಅನ್ನುವ ಎಣ್ಣೆ ಪೈಪಿನ ಒಳಗೋಡೆಯ ಕೊಳೆಯನ್ನು ತೊಳೆದುಕೊಂಡೇ ಹೋಗುತ್ತದೆ. ಅದೆಲ್ಲ ಹೋಗಿ ಕ್ಯಾಪಿಲರಿಯಂಥ ಸಣ್ಣ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ನೈಟ್ರೋಜನ್ ಸಿಲಿಂಡರ್ ಅವತ್ತು ವ್ಯಾನಿನಲ್ಲೇ ಇತ್ತು. ಕೆಳಗೆ ಇಳಿಸಿರಲಿಲ್ಲ.

ಆ 12 ವರ್ಷ ಸುಳ್ಳಾಗಿರಲಿಲ್ಲ. ಅವರು ನಿಜವಾಗಿಯೂ ಅಷ್ಟು ವರ್ಷ ದುಡಿದಿದ್ದರು. ಆದರೆ ಅಷ್ಟೂ ವರ್ಷದಲ್ಲಿ ಒಬ್ಬರೂ ಅವರ ಪೈಪ್ ಸೀಳಿ ಒಳಗೆ ತೋರಿಸಿರಲಿಲ್ಲ. ನಾನೂ ನೋಡದೆ ತೆಗೆದುಕೊಂಡಿದ್ದೆ. ಅದು ನನ್ನ ತಪ್ಪು.

ಅಲ್ಲಿಂದ ಇಂಟರ್‌ವ್ಯೂ ಆಫೀಸಿನಿಂದ ವರ್ಕ್‌ಶಾಪಿಗೆ ಬಂತು. ಪರೀಕ್ಷೆ ಏನಿರಬೇಕು ಅಂತ ಹಿರಿಯ ಮೆಕ್ಯಾನಿಕ್ಕೇ ಹೇಳಿದರು. ಎರಡು ತುಂಡು ತಾಮ್ರದ ಪೈಪ್ ಕೊಡುತ್ತೇವೆ, ಜೋಡಿಸಿ ಅನ್ನುತ್ತೇವೆ. ಟಾರ್ಚ್, ಬೆಸುಗೆ ಕಡ್ಡಿ, ಕಟರ್ ಎಲ್ಲ ಎದುರಿಗೇ ಇರುತ್ತದೆ. ನೈಟ್ರೋಜನ್ ಸಿಲಿಂಡರ್ ಮೂಲೆಯಲ್ಲಿ ಕಾಣುವ ಹಾಗೇ ಇರುತ್ತದೆ. ಅದರ ಮಾತು ನಾವಾಗಿ ಎತ್ತುವುದಿಲ್ಲ. ಜೋಡಿಸಿ, ಪೈಪ್ ಆರಿದ ಮೇಲೆ, ಬಂದವರ ಎದುರಿಗೇ ಸೀಳಿ ಇಬ್ಬರೂ ಕೂತು ನೋಡುತ್ತೇವೆ.

ಒಬ್ಬ ಹುಡುಗ ಬಂದಿದ್ದ, ಅನುಭವ ಬರೀ ಒಂದೂವರೆ ವರ್ಷ. ಬೆಸುಗೆ ಗಂಟು ಗಂಟಾಗಿತ್ತು, ನೋಡೋಕೆ ಚೆನ್ನಾಗಿರಲಿಲ್ಲ. ಆದರೆ ಟಾರ್ಚ್ ಹಚ್ಚುವ ಮುಂಚೆ ಸುತ್ತ ನೋಡಿ, "ಅಣ್ಣಾ, ಆ ನೈಟ್ರೋಜನ್ ತಗೋಬಹುದಾ?" ಅಂತ ಕೇಳಿದ. ಸೀಳಿದಾಗ ಒಳಗೆ ತಾಮ್ರದ ಬಣ್ಣ ಹಾಗೇ ಇತ್ತು. ಬೆಸುಗೆ ಅಂದವಾಗಿ ಹಾಕುವುದನ್ನು ನಮ್ಮವರು ಕೆಲವೇ ವಾರದಲ್ಲಿ ಕಲಿಸಿದರು. ಇವತ್ತು ಕಷ್ಟದ ಜಾಗದ ಕೆಲಸ ಇದ್ದರೆ ಅವನನ್ನೇ ಕಳಿಸುತ್ತೇವೆ. ಪರೀಕ್ಷೆಯಲ್ಲಿ ಕಪ್ಪು ಬಂದವರನ್ನೂ ಸುಮ್ನೆ ವಾಪಸ್ ಕಳಿಸುವುದಿಲ್ಲ. ಸೀಳಿದ ಪೈಪ್ ನೋಡಿ "ಇದು ಯಾಕೆ ಹೀಗಾಯ್ತು?" ಅಂತ ಕೇಳುವವರು ಇರುತ್ತಾರೆ. ಅಂಥವರು ನಮಗೆ ಬೇಕು.

ಬಾಯಿ ಮಾತಿನಲ್ಲಿ ಕೇಳುವ ಪ್ರಶ್ನೆ ಈಗ ಒಂದೇ. "ಗ್ಯಾಸ್ ಕಡಿಮೆ ಇದೆ, ಏನು ಮಾಡ್ತೀರಾ?" ತುಂಬಿಸ್ತೀನಿ ಅಂತ ತಟ್ಟನೆ ಹೇಳಿದರೆ ನನಗೆ ಚಿಂತೆ. ಎಸಿಯಲ್ಲಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ, ಇಲ್ಲಾ ಮೊದಲೇ ಕಡಿಮೆ ತುಂಬಿಸಿದ್ದಾರೆ. ಮೊದಲು ಲೀಕ್ ಹುಡುಕಬೇಕು, ಸರಿ ಮಾಡಬೇಕು, ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆದು (ಇದೇ ವ್ಯಾಕ್ಯೂಮ್) ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ ಕೆಳಗೆ ತರಬೇಕು, ಮೈಕ್ರಾನ್ ಅಂದರೆ ಇಲ್ಲಿ ಒತ್ತಡದ ಅಳತೆ. ಪಂಪ್ ಬಂದ್ ಮಾಡಿದ ಮೇಲೂ ಅದು ಏರದೆ ಅಲ್ಲೇ ನಿಲ್ಲುತ್ತದಾ ನೋಡಬೇಕು. ಆಮೇಲೆ ತೂಕ ಹಾಕಿ ಗ್ಯಾಸ್ ತುಂಬಬೇಕು.

ಇದನ್ನು ಕೇಳುತ್ತಾ ಕೇಳುತ್ತಾ ನಮ್ಮದೇ ಒಂದು ತಪ್ಪು ಕಣ್ಣಿಗೆ ಬಿತ್ತು. ಗ್ಯಾಸ್ ತುಂಬಿಸಿದ ಪ್ರತಿ ಕೆಲಸಕ್ಕೂ ನಾವು ಇನ್ಸೆಂಟಿವ್ ಕೊಡುತ್ತಿದ್ದೆವು. ಲೀಕ್ ಹುಡುಕೋಕೆ ಅರ್ಧ ದಿನ ಬೇಕು, ಅದಕ್ಕೆ ಏನೂ ಇರಲಿಲ್ಲ. ಒಳ್ಳೆಯವರನ್ನು ಹುಡುಕಿ ತಂದು ಅವರಿಗೆ ನಾವೇ ಕೆಟ್ಟ ಅಭ್ಯಾಸ ಕಲಿಸುತ್ತಿದ್ದೆವಲ್ಲ! ಈಗ ಇನ್ಸೆಂಟಿವ್ ಸಿಗುವುದು ಅದೇ ದೂರು ಮೂರು ತಿಂಗಳು ವಾಪಸ್ ಬರದಿದ್ದರೆ. ಇದನ್ನು ಒಪ್ಪಿಸೋಕೆ ಮಾಲೀಕರ ಹತ್ತಿರ ಬಹಳ ಸಲ ಹೋಗಬೇಕಾಯಿತು. ಹೋದದ್ದಕ್ಕೆ ನನಗೆ ಸಮಾಧಾನ ಇದೆ.

ಜಾಹೀರಾತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಂಬಳ ಎಷ್ಟು, ದಿನಕ್ಕೆ ಎಷ್ಟು ಕಾಲ್, ಟೂಲ್ಸ್ ಯಾರದು, ರಾತ್ರಿ ಕಾಲ್ ಬಂದರೆ ಹೋಗಬೇಕಾ, ಇಷ್ಟನ್ನು ಬಿಚ್ಚಿ ಬರೆದರೆ ಸಾಕು. ಫೋನ್ ಸಂಜೆ ಮಾಡಿ, ಹಗಲು ಅವರು ಏಣಿ ಮೇಲಿರುತ್ತಾರೆ. ಪರೀಕ್ಷೆಗೆ ಬಂದ ದಿನದ ಕೂಲಿ ಕೊಡಿ. ಅವರು ಒಂದು ದಿನದ ದುಡಿಮೆ ಬಿಟ್ಟು ಬಂದಿರುತ್ತಾರೆ.

ಇಷ್ಟೆಲ್ಲ ಬರೆದರೂ, ನಮ್ಮಲ್ಲಿ ಉಳಿದ ಒಳ್ಳೆಯ ಕೈಗಳಲ್ಲಿ ಹೆಚ್ಚಿನವರು ಜಾಹೀರಾತು ನೋಡಿ ಬಂದವರಲ್ಲ. ಒಳಗಿದ್ದವರು ಹೇಳಿ ಕರೆತಂದವರು. ಕೆಲಸ ಬಲ್ಲವನಿಗೆ ಕೆಲಸ ಬಲ್ಲ ಇನ್ನೊಬ್ಬ ಗೊತ್ತಿರುತ್ತಾನೆ. ಅವನು ಕರೆಯಬೇಕಾದರೆ ಇಲ್ಲಿ ಅವನ ವ್ಯಾಕ್ಯೂಮ್ ಪಂಪ್ ಸರಿಯಾಗಿ ಓಡುತ್ತಿರಬೇಕು, ಸಂಬಳ ಹೇಳಿದ ತಾರೀಖಿಗೆ ಬರಬೇಕು, ಎತ್ತರದಲ್ಲಿ ಹತ್ತುವಾಗ ಸೊಂಟಕ್ಕೆ ಬೆಲ್ಟ್ ಇರಬೇಕು. ಒಂದು ಬೇಸಿಗೆಯಲ್ಲಿ ಪಂಪ್ ರಿಪೇರಿಗೆ ತಿಂಗಳುಗಟ್ಟಲೆ ತಡ ಮಾಡಿದೆವು. ಆ ಹೊತ್ತಿನಲ್ಲಿ ಒಬ್ಬರೂ ತಮ್ಮ ಗೆಳೆಯರ ಹೆಸರು ಹೇಳಲಿಲ್ಲ.

ಈಗ ಪ್ಲಂಬಿಂಗ್ ಕಡೆಗೂ ಇಂಥದೇ ಪರೀಕ್ಷೆ ಮಾಡುತ್ತಿದ್ದೇವೆ. ಒಂದು ಹಲಗೆಗೆ ಪೈಪ್ ಲೈನ್ ಜೋಡಿಸೋಕೆ ಹೇಳುತ್ತೇವೆ, ಕೆಲಸ ಮುಗಿದ ಮೇಲೆ "ಆಯ್ತಾ, ಗೋಡೆ ಮುಚ್ಚಿಸಿಬಿಡೋಣ್ವಾ?" ಅಂತ ಕೇಳುತ್ತೇವೆ. ತಡೀರಿ, ನೀರು ತುಂಬಿಸಿ ಪ್ರೆಶರ್ ಹಾಕಿ ನೋಡೋಣ ಅನ್ನುವವರಿಗಾಗಿ ಎರಡು ಜಾಗ ಖಾಲಿ ಇಟ್ಟಿದ್ದೇವೆ.